ಕಾವಲಿಗೆ ಗಿಡ ನೆಡಬೇಡಿ ಸ್ವಾಮಿ

ನಮ್ಮೂರ ಪಕ್ಕದಲ್ಲೊಂದು ಕಾವಲು ಇದೆ. ಚಿತ್ರದುರ್ಗದ ಕಡೆಯವರಿಗೆ ಕಾವಲು ಅಂದ್ರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ಉತ್ತು ಬಿತ್ತದ, ದನ ಕುರಿ ಮೇಯಲಿಕ್ಕೆ ಅಂತಲೇ ತಲೆಮಾರುಗಳಿಂದ ಬಿಟ್ಟ ಹುಲ್ಲುಬಯಲು. ಕೆಲವು ವರ್ಷದ ಹಿಂದೆ ಒಂದು ಜೂನ್ 5ರಂದು ಅಲ್ಲಿಗೆ ಶಾಮಿಯಾನ ಬಂತು. ಮೈಕು ಬಂತು. ಜೆಸಿಬಿ ಬಂದು ಸಾಲಾಗಿ ಗುಂಡಿ ತೋಡಿತು. ಶಾಲೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಪ್ರತಿಜ್ಞೆ ಬೋಧಿಸಿದರು. ಭಾಷಣ ಮಾಡಿದವರೊಬ್ಬರು ಹೇಳಿದ ಮಾತು ನನಗಿನ್ನೂ ನೆನಪಿದೆ: "ಈ ಬರಡು ಭೂಮಿಯನ್ನ ಹಸಿರು ಮಾಡ್ತೀವಿ."

ನನ್ನ ಪಕ್ಕದಲ್ಲಿ ಗೊಲ್ಲರ ಹಟ್ಟಿಯ ಅಜ್ಜ ಒಬ್ಬರು ಕೋಲೂರಿಕೊಂಡು ನಿಂತಿದ್ದರು. ಬಾಳೆಲ್ಲ ಇದೇ ಬಯಲಲ್ಲಿ ಕುರಿ ಕಾಯ್ದವರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಮಗಾ, ಇಲ್ಲಿ ಮಣ್ಣಿರಾದೇ ಗೇಣುದ್ದ. ಅದ್ರ ಕೆಳಗೆ ಬರೀ ಗರಸು, ಆಮ್ಯಾಕೆ ಬಂಡೆ. ಹುಲ್ಲಿಗೆ ಗೇಣುದ್ದ ಸಾಕು. ಮರಕ್ಕೆ ಆಳುದ್ದ ಬೇಕಲ್ಲಪ್ಪ. ಇವ್ರಿಗ್ಯಾರು ಹೇಳಾದು?"

ಅಜ್ಜನ ಮಾತನ್ನು ಯಾರೂ ಕೇಳಲಿಲ್ಲ. ಕೇಳೋಕೆ ಅವರ ಕೈಗೆ ಮೈಕೂ ಕೊಟ್ಟಿರಲಿಲ್ಲ ಬಿಡಿ. ಮುಂದಿನ ಬೇಸಿಗೆಗೆ ನೆಟ್ಟ ಸಸಿಗಳಲ್ಲಿ ಮುಕ್ಕಾಲುಪಾಲು ಒಣ ಕಡ್ಡಿ. ಅದು ಹಾಳಾಗಿ ಹೋಗಲಿ, ಗುಂಡಿ ತೋಡಿ ಎತ್ತಿಹಾಕಿದ ಮಣ್ಣಿನ ಮೇಲೆ ಹುಲ್ಲೂ ವಾಪಸ್ ಬರಲಿಲ್ಲ. ಬಂದದ್ದು ಕಾಂಗ್ರೆಸ್ ಗಿಡ. ಪಾರ್ಥೇನಿಯಂ. ಬಯಲಿನ ತುಂಬ ಸಾಲು ಸಾಲಾಗಿ, ಗುಂಡಿ ಲೆಕ್ಕ ಹಾಕಿ ನೆಟ್ಟ ಹಾಗೆ. ಹಸಿರು ಮಾಡ್ತೀವಿ ಅಂದಿದ್ದರಲ್ಲ, ಆಯ್ತು ಹಸಿರು!

ಈ ಲೇಖನ ಬರೆಯೋದು ಆ ಗೇಣುದ್ದದ ಮಣ್ಣಿನ ಪರವಾಗಿ.

ಮೊದಲು 'ಬರಡು' ಅನ್ನೋ ಪದವನ್ನೇ ಹಿಡಿದು ಕೇಳೋಣ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೆರಿಗೆ ಹುಟ್ಟದ ನೆಲವೆಲ್ಲ 'ವೇಸ್ಟ್'. ಅಲ್ಲಿ ಏನು ಬೆಳೀತದೆ, ಯಾರು ಬದುಕ್ತಾರೆ ಅನ್ನೋದು ಲೆಕ್ಕಕ್ಕಿಲ್ಲ. ಖಜಾನೆಗೆ ಏನು ಬಂತು ಅನ್ನೋದಷ್ಟೇ ಲೆಕ್ಕ. ಬ್ರಿಟಿಷರು ಹೋದರು, ಪದ ಹೋಗಲಿಲ್ಲ. ಇವತ್ತಿಗೂ ದೇಶಕ್ಕೊಂದು 'ವೇಸ್ಟ್‌ಲ್ಯಾಂಡ್ ಅಟ್ಲಾಸ್' ಇದೆ. ಉಪಗ್ರಹದ ಚಿತ್ರ ನೋಡಿ ಮಾಡುವ ಆ ನಕ್ಷೆಯಲ್ಲಿ ಕುರುಚಲು ಬಯಲು, ಹುಲ್ಲುಗಾವಲುಗಳ ದೊಡ್ಡ ಪಾಲು ಪಾಳುಭೂಮಿಯ ಪಟ್ಟಿಯೊಳಗೇ ಬಂದು ಕೂರುತ್ತದೆ. ಆಕಾಶದಿಂದ ನೋಡಿದರೆ ಏಪ್ರಿಲ್ ತಿಂಗಳ ಕಾವಲು ಕಂದು ಬಣ್ಣ. ಕಂದು ಅಂದ್ರೆ ಸತ್ತದ್ದು, ಹಸಿರು ಅಂದ್ರೆ ಬದುಕಿರೋದು — ಇಷ್ಟೇ ನಮ್ಮ ಪರಿಸರ ಜ್ಞಾನ. ಆಗಸ್ಟ್‌ನಲ್ಲಿ ಬಂದು ನೋಡಿ ಸ್ವಾಮಿ, ಅದೇ ಬಯಲಲ್ಲಿ ಮೊಣಕಾಲುದ್ದದ ಹುಲ್ಲು ಗಾಳಿಗೆ ಅಲೆಯಾಡ್ತಿರುತ್ತೆ. ಬೇಸಿಗೆಯಲ್ಲಿ ಹುಲ್ಲು ಸತ್ತಿರೋದಿಲ್ಲ. ಬೇರಿನೊಳಗೆ ಮಲಗಿರುತ್ತೆ, ಮಳೆಗಾಗಿ ಕಾಯ್ತಿರುತ್ತೆ.

ಹುಲ್ಲುಗಾವಲು ಅಂದ್ರೆ ಕಾಡಾಗಲು ಹೊರಟು ಸೋತ ಜಾಗ ಅಂತ ನಮ್ಮ ತಲೆಯಲ್ಲಿ ಯಾರೋ ತುಂಬಿಬಿಟ್ಟಿದ್ದಾರೆ. ಮರ ಇದ್ದಿತ್ತು, ಜನ ಕಡಿದರು, ದನ ಮೇಯ್ದವು, ಉಳಿದದ್ದು ಹುಲ್ಲು — ಇದು ಕಥೆ. ಕೆಲವು ಕಡೆ ನಿಜ ಇರಬಹುದು. ಎಲ್ಲ ಕಡೆಯೂ ಇದೇ ನಿಜ ಅನ್ನೋದು ಸುಳ್ಳು. ನೀಲಗಿರಿಯ ಜೌಗು ಮಣ್ಣನ್ನು ಬಗೆದು, ಅದರೊಳಗಿನ ಇಂಗಾಲ ಓದಿ, ಪ್ರೊ. ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು 1993ರಲ್ಲೇ ತೋರಿಸಿದರು: ಅಲ್ಲಿ ಹುಲ್ಲಿನ ಚರಿತ್ರೆ ಸುಮಾರು 20,000 ವರ್ಷ ಹಿಂದಕ್ಕೆ ಹೋಗುತ್ತೆ. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ತೇವ ಹೆಚ್ಚಿದಾಗ ಮರ ಹಬ್ಬಿದೆ. ಕೊಡಲಿ ಹಿಡಿದ ಮನುಷ್ಯ ಬರೋದಕ್ಕೆ ಬಹಳ ಮುಂಚೆಯೇ ಅಲ್ಲಿ ಹುಲ್ಲಿತ್ತು. ಅದು ಕಾಡಿನ ಹೆಣ ಅಲ್ಲ. ಅದಕ್ಕೆ ಅದರದೇ ಜೀವ ಇದೆ.

ಯಾವ ಹುಲ್ಲು ಎಲ್ಲಿ ಬೆಳೀಬೇಕು ಅಂತ ತೀರ್ಮಾನ ಮಾಡೋರು ಯಾರು? ಮಣ್ಣು. ಮಣ್ಣಿನ ಆಳ, ಅದರ ಕಣ, ಅದು ನೀರು ಹಿಡಿಯೋ ರೀತಿ, ಅದರೊಳಗಿನ ಉಪ್ಪು. ಆಮೇಲೆ ಮಳೆ. ಆಮೇಲೆ ಇಳಿಜಾರು. ಕೊನೆಗೆ ಮೇಯೋ ಬಾಯಿ ಮತ್ತು ಬೆಂಕಿ. ಪುಸ್ತಕ ಬೇಡ, ನನ್ನ ಜತೆ ಕಾವಲಿನಲ್ಲಿ ಒಂದು ಮೈಲಿ ನಡೀರಿ ಸಾಕು.

ಮೇಲೆ ಮರಡಿ. ಗರಸು ಕಲ್ಲಿನ ದಿಣ್ಣೆ. ಮಳೆ ಬಿದ್ದ ನೀರು ಅರ್ಧ ಗಂಟೆಯಲ್ಲಿ ಹರಿದು ಹೋಗುತ್ತೆ, ಉಳಿದದ್ದು ಇಂಗಿ ಹೋಗುತ್ತೆ. ಇಲ್ಲಿ ಹಂಚಿಕಡ್ಡಿ ಬೆಳೀತದೆ, ಪೊರಕೆ ಕಟ್ತೀವಲ್ಲ ಅದು. ಸಣ್ಣ ಎಲೆ, ಗಟ್ಟಿ ಕಾಂಡ, ಕಡಿಮೆ ನೀರು. ಸ್ವಲ್ಪ ಕೆಳಗಿಳಿದರೆ ಕೆಂಪು ಮಣ್ಣು, ಗೇಣು ಒಂದೂವರೆ ಗೇಣು ಆಳ. ಇಲ್ಲಿ ಸೆಹಿಮಾ ಜಾತಿಯ ಹುಲ್ಲು, ದನಕ್ಕೆ ಇಷ್ಟವಾದದ್ದು. ಅದರ ನಡುವೆ ಬಟ್ಟೆಗೆ ಸೂಜಿ ಥರ ಚುಚ್ಚಿಕೊಳ್ಳುವ ಬೀಜದ ಹೆಟೆರೊಪೋಗನ್. ಇನ್ನೂ ಕೆಳಗೆ ಹೋದರೆ ಎರೆ ನೆಲ. ಕಪ್ಪು ಜೇಡಿ, ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳೋ ಹಾಗೆ ಬಿರಿಯುತ್ತೆ. ಇಲ್ಲಿ ಡೈಕ್ಯಾಂಥಿಯಂ ಗುಂಪಿನ ಹುಲ್ಲುಗಳ ರಾಜ್ಯ. ಮಳೆಗಾಲದಲ್ಲಿ ನೀರು ನಿಲ್ಲೋ ತಗ್ಗಿದ್ದರೆ ಅಲ್ಲಿ ಮತ್ತೊಂದು ಹುಲ್ಲು. ಚೌಳು ಮಣ್ಣಾದರೆ ಉಪ್ಪು ತಡಕೊಳ್ಳೋ ಸ್ಪೊರೊಬೋಲಸ್. ಒಂದು ಮೈಲಿಯೊಳಗೆ ಐದು ಬೇರೆ ಬೇರೆ ಲೋಕ! ಯಾರೂ ಬಿತ್ತಿಲ್ಲ. ಯಾರೂ ನೀರು ಹಾಕಿಲ್ಲ.

ಇದು ನಮ್ಮೂರಿನ ಕಾವಲಿನ ಕಥೆ ಮಾತ್ರ ಅಲ್ಲ. ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ಇಬ್ಬರು ವಿಜ್ಞಾನಿಗಳು 1973ರಲ್ಲಿ ಇಡೀ ಭಾರತದ ಹುಲ್ಲು ಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ದಖ್ಖನ್ ಪ್ರಸ್ಥಭೂಮಿಯ ಬಗೆಗೆ ಅವರಿಟ್ಟ ಹೆಸರೇ ಸೆಹಿಮಾ-ಡೈಕ್ಯಾಂಥಿಯಂ. ಕಲ್ಲುಮಿಶ್ರಿತ ಇಳಿಜಾರಿಗೆ ಒಂದು, ಸಮತಟ್ಟಾದ ಆಳದ ಮಣ್ಣಿಗೆ ಇನ್ನೊಂದು. ಗೊಲ್ಲರ ಅಜ್ಜ ಕಾಲಲ್ಲಿ ನಡೆದು ಕಲಿತದ್ದನ್ನೇ ಅವರು ದೇಶ ಸುತ್ತಿ ಬರೆದರು. ಐವತ್ತು ವರ್ಷ ದಾಟಿತು. ಗುಂಡಿ ತೋಡೋರು ಇನ್ನೂ ಆ ಪುಟ ತೆರೆದಿಲ್ಲ.

ಎರೆ ನೆಲದಲ್ಲಿ ಮರ ಯಾಕೆ ಕಡಿಮೆ ಅಂತ ಕೇಳಿದ್ದೀರಾ? ಬಿರಿಯೋ ಮಣ್ಣು ಎಳೆ ಸಸಿಯ ಬೇರನ್ನು ಎಳೆದು ಹರಿಯುತ್ತೆ. ಹುಲ್ಲಿನ ಬೇರು ಕೂದಲಿನ ಹಾಗೆ ಸಾವಿರ ಎಳೆ. ನಾಲ್ಕು ಹರಿದರೆ ಇನ್ನೂ ನಾನೂರು ಇರ್ತವೆ. ಗರಸು ನೆಲದಲ್ಲಿ ಮರ ಯಾಕೆ ಕಡಿಮೆ? ಬೇಸಿಗೆ ಕಳೆಯೋವಷ್ಟು ನೀರು ಆ ಮಣ್ಣಲ್ಲಿ ನಿಲ್ಲೋದಿಲ್ಲ. ಚಳ್ಳಕೆರೆ ಕಡೆ ವರ್ಷದ ಮಳೆ 500 ಮಿ.ಮೀ. ಮುಟ್ಟೋದೇ ಕಷ್ಟ, ಅದೂ ನಾಲ್ಕಾರು ದೊಡ್ಡ ಮಳೆಯಲ್ಲಿ ಮುಗಿದು ಹೋಗುತ್ತೆ. ಮಳೆ ಬಂದ ವಾರದೊಳಗೆ ಚಿಗುರಿ, ಎರಡು ಮೂರು ತಿಂಗಳಲ್ಲಿ ಬೀಜ ಕಟ್ಟಿ, ಮತ್ತೆ ಒಂಬತ್ತು ತಿಂಗಳು ಮಲಗೋ ತಾಕತ್ತು ಇರೋದು ಹುಲ್ಲಿಗೆ. ಆ ಜಾಗಕ್ಕೆ ಅದೇ ಸರಿಯಾದ ಉತ್ತರ. ನಾವು ಪ್ರಶ್ನೆಯನ್ನೇ ಓದದೆ ಉತ್ತರ ತಿದ್ದೋಕೆ ಹೊರಟಿದ್ದೀವಿ.

ಇನ್ನೊಂದು ಜಾತಿಯ ಜನ ಇದ್ದಾರೆ. ಅವರು ಮರ ಬೇಡ ಅಂತಾರೆ, ಆದರೆ ಕಾವಲನ್ನು 'ಅಭಿವೃದ್ಧಿ' ಮಾಡೋಣ ಅಂತಾರೆ. ಟ್ರಾಕ್ಟರ್ ಹಾಯಿಸಿ, ಯೂರಿಯಾ ಚೆಲ್ಲಿ, ಹೊರಗಿನ ಮೇವಿನ ಬೀಜ ಬಿತ್ತೋಣ, ಎಕರೆಗೆ ಇಷ್ಟು ಟನ್ ತೆಗೆಯೋಣ ಅಂತ. ಇವರಿಗೆ ಇಂಗ್ಲೆಂಡಿನ ಒಂದು ಹುಲ್ಲುಗಾವಲಿನ ಕಥೆ ಹೇಳಬೇಕು. ರಾಥಮ್‌ಸ್ಟೆಡ್ ಅನ್ನೋ ಕಡೆ, ನೂರು ವರ್ಷಕ್ಕೂ ಹೆಚ್ಚು ಕಾಲ ಹುಲ್ಲುಗಾವಲಾಗಿಯೇ ಇದ್ದ ಒಂದು ನೆಲವನ್ನು 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿಗೆ ಒಂದೊಂದು ಗೊಬ್ಬರ ಹಾಕಿದರು. ಕೆಲವಕ್ಕೆ ಏನೂ ಹಾಕಲಿಲ್ಲ. ಆ ಪ್ರಯೋಗ ಇವತ್ತಿಗೂ ನಡೀತಿದೆ. ಶುರುವಾದ ಕೆಲವೇ ವರ್ಷದಲ್ಲಿ ಒಂದೊಂದು ತುಂಡಿಗೂ ಬೇರೆ ಬೇರೆ ಬೀಜ ಬಿತ್ತಿದ್ದಾರೇನೋ ಅನ್ನೋ ಹಾಗೆ ಕಂಡಿತಂತೆ. ಬಿತ್ತಿದ್ದು ಏನೂ ಇಲ್ಲ, ಬದಲಾದದ್ದು ಮಣ್ಣು ಮಾತ್ರ. ಏನೂ ಹಾಕದ ಬಡ ತುಂಡುಗಳಲ್ಲಿ ಇವತ್ತಿಗೂ ಸುಮಾರು 40 ಜಾತಿಯ ಹುಲ್ಲು, ಗಿಡ, ಹೂವು. ಅಮೋನಿಯಂ ಸಲ್ಫೇಟ್ ಸುರಿದು ಸುರಿದು, ಸುಣ್ಣವನ್ನೂ ಹಾಕದೆ ಹುಳಿ ಏರಿಸಿದ ತುಂಡುಗಳಲ್ಲಿ ಎರಡು ಮೂರು ಜಾತಿ ಮಾತ್ರ. ಮೇವಿನ ತೂಕ ಹೆಚ್ಚಿರಬಹುದು. ಹುಲ್ಲುಗಾವಲು ಮಾತ್ರ ಸತ್ತಿದೆ.

ಇದನ್ನು ನೋಡೋಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಕಾವಲಿನಲ್ಲೇ ಹಳೇ ಕುರಿರೊಪ್ಪ ಇದ್ದ ಜಾಗ ಹುಡುಕಿ. ರೊಪ್ಪ ಎತ್ತಿ ಎಷ್ಟೋ ವರ್ಷವಾಗಿದ್ದರೂ ಅಲ್ಲಿ ಹುಲ್ಲಿನ ಬಣ್ಣವೇ ಬೇರೆ. ಹಿಕ್ಕೆ ಗೊಬ್ಬರ ಕೂಡಿದ ಕಡೆ ಗರಿಕೆ ಮತ್ತು ಉತ್ತರಾಣಿ ದಟ್ಟವಾಗಿ ಬೆಳೆದಿರ್ತವೆ, ಸುತ್ತಲಿನ ಸೆಹಿಮಾ ಅಲ್ಲಿಗೆ ಕಾಲಿಡೋದಿಲ್ಲ. ಬಡ ಮಣ್ಣು ಅಂದ್ರೆ ಕೆಟ್ಟ ಮಣ್ಣು ಅಲ್ಲ ಅನ್ನೋದು ಇದರ ಪಾಠ. ಎಲ್ಲರಿಗೂ ಸ್ವಲ್ಪ ಸ್ವಲ್ಪವೇ ಸಿಗೋ ಕಡೆ ಯಾರೂ ಯಾರನ್ನೂ ತುಳಿಯೋಕಾಗಲ್ಲ. ಹೆಚ್ಚು ಸಿಕ್ಕ ಕಡೆ ಬಲಶಾಲಿ ಎದ್ದು ನಿಂತು ಉಳಿದವರ ಬಿಸಿಲು ಕಿತ್ಕೊಳ್ತಾನೆ. ಊರಲ್ಲೂ ಹಾಗೇ ಅಲ್ವಾ?

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯಿಂದ ಶುರುವಾಗಿ, ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಅಂತ ಹೆಸರಾದ ದನದ ಇಲಾಖೆ ಮೈಸೂರು ಸೀಮೆಯ ತುಂಬ ಕಾವಲುಗಳನ್ನು ಕಾದಿಟ್ಟಿತ್ತು. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋಯ್ತು ಅಂತ ದಾಖಲೆ ಹೇಳುತ್ತೆ. ಫಿರಂಗಿ ಎಳೆದದ್ದು ಈ ಹುಲ್ಲು ತಿಂದ ಎತ್ತುಗಳು. ಆ ಇಲಾಖೆಯ ಜಾಣತನ ನೋಡಿ: ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಅಂತ ಮೂರಾಗಿ ವಿಂಗಡಿಸಿದ್ದರು. ಕೆರೆ ಹಿಂದಿನ ತೇವದ ನೆಲ, ನೆರಳಿರೋ ಜಾಗ ಬೇಸಿಗೆಗೆ. ಮಳೆ ಬಂದಾಗ ಮಾತ್ರ ಚಿಗುರೋ ಬಯಲು ಮಳೆಗಾಲಕ್ಕೆ. ದನ ಸುತ್ತುತ್ತಿತ್ತು, ಹುಲ್ಲಿಗೆ ಉಸಿರಾಡೋಕೆ ಬಿಡುವು ಸಿಗ್ತಿತ್ತು. ಯಾವ ನೆಲಕ್ಕೆ ಯಾವ ಕಾಲ ಅನ್ನೋ ಲೆಕ್ಕ ಅದು. ಉಪಗ್ರಹ ಇರಲಿಲ್ಲ ಪಾಪ, ಆದರೂ ಗೊತ್ತಿತ್ತು!

ಈಗ ನಾವೇನು ಮಾಡಿದ್ದೀವಿ? ರಾಣೆಬೆನ್ನೂರಿಗೆ ಹೋಗಿ. 1974ರಲ್ಲಿ ಕೃಷ್ಣಮೃಗಕ್ಕೆ ಅಂತ ಅಭಯಾರಣ್ಯ ಮಾಡಿದರು, 119 ಚದರ ಕಿ.ಮೀ. ಒಳಗೆ ಹೋದರೆ ಕಾಣೋದು ನೀಲಗಿರಿ ತೋಪು. ಬಯಲಲ್ಲಿ ನೆಗೆಯೋ ಪ್ರಾಣಿಗೆ ಮರದ ಸಾಲಿನ ಜೈಲು. ಎರೆಭೂತ ಹಕ್ಕಿಯೂ ಒಂದು ಕಾಲಕ್ಕೆ ಅಲ್ಲಿತ್ತು. ನೆಲದ ಮೇಲೆ ಮೊಟ್ಟೆಯಿಟ್ಟು, ದೂರದವರೆಗೆ ಕಣ್ಣು ಹಾಯಿಸಿ ಬದುಕೋ ಹಕ್ಕಿ ಅದು. ಮರದ ಗೋಡೆ ಎದ್ದ ಮೇಲೆ ಅದಕ್ಕಲ್ಲಿ ಏನು ಕೆಲಸ? ಈಗ ನಮ್ಮ ರಾಜ್ಯದಲ್ಲಿ ಅದನ್ನು ನೋಡಬೇಕಂದ್ರೆ ಬಳ್ಳಾರಿಯ ಸಿರುಗುಪ್ಪ ಕಡೆಯ ಎರೆ ಬಯಲಲ್ಲಿ ಅದೃಷ್ಟ ಪರೀಕ್ಷೆ ಮಾಡ್ಕೋಬೇಕು. ಬೆರಳೆಣಿಕೆಯಷ್ಟು ಉಳಿದಿವೆ. ಬಳ್ಳಾರಿ ಜಾಲಿಯ ಕಥೆ ನಿಮಗೇ ಗೊತ್ತು: ಸೌದೆಗೆ, ಹಸಿರಿಗೆ ಅಂತ ಹಬ್ಬಿಸಿದ ಮುಳ್ಳು, ಇವತ್ತು ಕೆರೆಯಂಗಳ ಗೋಮಾಳ ಎಲ್ಲ ಅದರದೇ ಸಾಮ್ರಾಜ್ಯ. ಚಳ್ಳಕೆರೆಯಲ್ಲಿ 2009ರಿಂದೀಚೆಗೆ ಸಾವಿರಾರು ಎಕರೆ ಅಮೃತ ಮಹಲ್ ಕಾವಲನ್ನು ರಕ್ಷಣೆ, ಅಣು, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೆ ಕೊಟ್ಟರು. ಸುತ್ತಲ ಹಳ್ಳಿಯವರಿಗೆ ವಿಷಯ ಸರಿಯಾಗಿ ತಿಳಿದದ್ದು ಗೋಡೆ ಎದ್ದಾಗ. ಜನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯ್ತು. ದೇಶಕ್ಕೆ ವಿಜ್ಞಾನ ಬೇಡ ಅಂತ ಯಾರೂ ಅನ್ನಲಿಲ್ಲ. "ಅದು ಖಾಲಿ ಜಾಗ ಅಲ್ಲ, ನಮ್ಮ ಕುರಿ ಮೇಯೋ ಜಾಗ" ಅಂದರು ಅಷ್ಟೆ.

ನೋಡಿ, ಗಿಡ ನೆಡೋರಿಗೂ ಗೋಡೆ ಕಟ್ಟೋರಿಗೂ ವ್ಯತ್ಯಾಸ ಬಹಳ ಇಲ್ಲ. ಇಬ್ಬರ ಕಣ್ಣಿಗೂ ಅದು ಖಾಲಿ ಜಾಗ.

ಈಗ ನಿಮ್ಮ ತಕರಾರಿಗೆ ಬರ್ತೀನಿ. "ಏನ್ರೀ, ಭೂಮಿ ಬಿಸಿ ಆಗ್ತಿದೆ, ಮರ ಬೇಡ ಅಂತೀರಲ್ಲ?" ಮರ ಬೇಡ ಅಂತ ನಾನೆಲ್ಲಿ ಅಂದೆ? ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ ಇಡುತ್ತೆ. ಕಾಡಿಗೆ ಬೆಂಕಿ ಬಿದ್ದರೆ ಮೇಲಿದ್ದದ್ದು ಹೊಗೆಯಾಗಿ ಹೋಗುತ್ತೆ. ಹುಲ್ಲಿಗೆ ಬೆಂಕಿ ಬಿದ್ದರೂ ಮಣ್ಣೊಳಗಿನದು ಬಹುಮಟ್ಟಿಗೆ ಅಲ್ಲೇ ಇರುತ್ತೆ. ಅಂಥ ನೆಲವನ್ನು ಜೆಸಿಬಿಯಲ್ಲಿ ಬಗೆದು ಸಸಿ ಇಡೋದು ಅಂದ್ರೆ ಬ್ಯಾಂಕಿನ ಠೇವಣಿ ಮುರಿದು ಚೀಟಿ ಹಾಕಿದ ಹಾಗೆ. ಸಸಿ ಬದುಕಿದರೂ ಕಷ್ಟವೇ. ಒಣಸೀಮೆಯಲ್ಲಿ ನೀಲಗಿರಿ ಮರ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ನೆಲದಾಳದಿಂದ ಹೀರಬಲ್ಲದು. ಪಕ್ಕದ ಬಾವಿಯವನನ್ನು ಕೇಳಿ.

"ಕುರಿ ಮೇಯಿಸಿ ಮೇಯಿಸಿ ನೀವೇ ಹಾಳು ಮಾಡಿದ್ದಲ್ವಾ?" ಈ ಮಾತಲ್ಲಿ ಅರ್ಧ ಸತ್ಯ ಇದೆ, ಒಪ್ಪಿಕೊಳ್ತೀನಿ. ಅತಿಯಾಗಿ ಮೇಯ್ದ ಕಡೆ ಬಹುವಾರ್ಷಿಕ ಒಳ್ಳೆ ಹುಲ್ಲು ಮೊದಲು ಹೋಗುತ್ತೆ, ಆ ಜಾಗಕ್ಕೆ ಚುಚ್ಚೋ ಹುಲ್ಲು ಬರುತ್ತೆ, ಕೊನೆಗೆ ಒಂದೇ ಮಳೆಗಾಲ ಬದುಕೋ ಹಂಚಿಕಡ್ಡಿ ಬಗೆಯವು ಮತ್ತು ದನ ಮೂಸದ ಗಿಡಗಳಷ್ಟೇ ಉಳೀತವೆ. ನಮ್ಮ ಕಾವಲಲ್ಲೂ ಹಾಗಾಗಿದೆ. ಆದರೆ ಉಳಿದ ಅರ್ಧ ಸತ್ಯ ಕೇಳಿ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಮ್ಮ ರಾಜ್ಯದ ಕಂದಾಯ ನಿಯಮವೇ ಹೇಳುತ್ತೆ. ನಿಮ್ಮೂರಲ್ಲಿ ಎಷ್ಟಿದೆ ಲೆಕ್ಕ ಹಾಕಿ. ಒಂದು ಪಾಲು ಸೈಟಿಗೆ, ಒಂದು ಪಾಲು ಕ್ವಾರಿಗೆ, ಒಂದು ಪಾಲು ನೆಡುತೋಪಿಗೆ, ಒಂದು ಪಾಲು ಒತ್ತುವರಿಗೆ. ಉಳಿದ ನಾಲ್ಕು ಎಕರೆಯಲ್ಲಿ ನಾನೂರು ಕುರಿ ನಿಲ್ಲಿಸಿ, ಆಮೇಲೆ ಕುರಿಗಾಹಿಯನ್ನೇ ಕಳ್ಳ ಅನ್ನೋದು ಯಾವ ನ್ಯಾಯ? ಇನ್ನೊಂದು: ಬೇಲಿ ಹಾಕಿ ಮೇಯೋದನ್ನು ಪೂರ್ತಿ ನಿಲ್ಲಿಸಿದರೂ ಹುಲ್ಲುಗಾವಲು ಉಳಿಯೋದಿಲ್ಲ. ಹಳೇ ಹುಲ್ಲು ಒಣಗಿ ಮೇಲೆಮೇಲೆ ಕೂಡಿ ಹೊಸ ಚಿಗುರನ್ನು ಮುಚ್ಚುತ್ತೆ, ಪೊದೆ ಮೆಲ್ಲಗೆ ಒಳಗೆ ಬರುತ್ತೆ. ಮೇಯೋ ಬಾಯಿಯೂ ಈ ನೆಲದ ಒಂದು ಭಾಗ. ಎಷ್ಟು ಬಾಯಿ, ಯಾವ ತಿಂಗಳು ಅನ್ನೋದೇ ಪ್ರಶ್ನೆ.

ಹಾಗಾದ್ರೆ ಏನು ಮಾಡಬೇಕು? ಕಷ್ಟದ್ದೇನಿಲ್ಲ.

ಗುಂಡಿ ತೋಡೋ ಮುಂಚೆ ಒಂದೇ ಒಂದು ಗುಂಡಿ ತೋಡಿ, ಕೈ ಹಾಕಿ ಮಣ್ಣಿನ ಆಳ ನೋಡಿ. ಗೇಣಿಗೆ ಗರಸು ಸಿಕ್ಕಿದರೆ ಆ ಗುಂಡಿ ಮುಚ್ಚಿ ಮನೆಗೆ ಹೋಗಿ. ಸಸಿ ನೆಡಬೇಕು ಅಂತಿದ್ರೆ ರಸ್ತೆಬದಿ ಇದೆ, ಕೆರೆ ಏರಿಯ ಹಿಂದಿದೆ, ಹೊಲದ ಬದು ಇದೆ, ಶಾಲೆ ಅಂಗಳ ಇದೆ. ಹುಣಸೆ, ಬೇವು, ಹೊಂಗೆ ನೆಡಿ, ನಾನೂ ಬಂದು ನೀರು ಹಾಕ್ತೀನಿ. ಕಾವಲಿಗೆ ಬೇಕಿರೋದು ಬೇರೆ: ಬಳ್ಳಾರಿ ಜಾಲಿ ಕೀಳಿಸಿ. ಉದ್ಯೋಗ ಖಾತ್ರಿಯ ಹಣ ಗುಂಡಿ ತೋಡೋದಕ್ಕೆ ಕೊಡೋ ಬದಲು ಮುಳ್ಳು ಬೇರು ಕೀಳೋದಕ್ಕೆ ಕೊಡಿ. ಕಾವಲನ್ನು ಮೂರು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿಗೆ ಮಳೆ ಶುರುವಾದಾಗಿನಿಂದ ಹುಲ್ಲು ಬೀಜ ಉದುರೋವರೆಗೆ ರಜೆ ಕೊಡಿ. ಆದರೆ ಯಾವ ಪಾಲು, ಯಾವಾಗ ಅನ್ನೋದನ್ನು ತಾಲ್ಲೂಕು ಕಚೇರಿಯಲ್ಲಿ ಕೂತು ಬರೀಬೇಡಿ. ಹಟ್ಟಿಗೆ ಬಂದು ಕುರಿಗಾಹಿಗಳನ್ನು ಕೂರಿಸಿಕೊಂಡು ಬರೀರಿ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಹುಲ್ಲಿಗೂ ಕಾನೂನಿನ ರಕ್ಷಣೆ ಕೊಡೋಕಾಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ಉಳಿದ ಕಾವಲುಗಳೇನು ಪಾಪ ಮಾಡಿದ್ದವು?

ಎಲ್ಲಕ್ಕಿಂತ ಮೊದಲು ಪಹಣಿಯಿಂದ, ನಕ್ಷೆಯಿಂದ, ಭಾಷಣದಿಂದ ಆ 'ಬಂಜರು', 'ಪಾಳು', 'ಖಾಲಿ' ಅನ್ನೋ ಪದಗಳನ್ನು ಅಳಿಸಿ. ಹೆಸರು ಕೆಟ್ಟರೆ ನೆಲ ಕೆಡುತ್ತೆ. 'ಹುಲ್ಲುಗಾವಲು' ಅಂತ ಬರೆದ ಮೇಲೆ ಅದನ್ನು ಕೊಡೋಕೆ ಕೈ ಸ್ವಲ್ಪವಾದರೂ ನಡುಗುತ್ತೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಅಜ್ಜ ಈಗ ಕಾವಲಿಗೆ ಹೋಗೋದಿಲ್ಲ, ಮೊಮ್ಮಗ ಹೋಗ್ತಾನೆ. ಹಟ್ಟಿಯಲ್ಲಿ ಕುರಿ ಅರ್ಧಕ್ಕಿಳಿದಿದೆ. ಮೊಮ್ಮಗ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸ ಹುಡುಕ್ತಿದ್ದಾನಂತೆ. ಕಾವಲಿನ ತುದಿಗೆ ಹೋಗಿ ನೋಡಿದೆ. ಜೆಸಿಬಿ ಹೋಗದ ಮರಡಿ ಇಳಿಜಾರಿನಲ್ಲಿ ಸೆಹಿಮಾ ತೆನೆ ಬಿಟ್ಟಿತ್ತು, ನೆಲಗುಬ್ಬಿ ಮೇಲಕ್ಕೆ ಹಾರಿ ಹಾರಿ ಕೂಗ್ತಿತ್ತು. ಗುಂಡಿಯ ಸಾಲಿನಲ್ಲಿ ಅದೇ ಬಿಳಿ ಹೂವಿನ ಕಾಂಗ್ರೆಸ್ ಗಿಡ. ಎರಡರ ನಡುವೆ ಮೂವತ್ತು ಹೆಜ್ಜೆ ಇರಬಹುದು. ಮಳೆ ಒಂದೇ, ಬಿಸಿಲು ಒಂದೇ. ಮಣ್ಣು ಕದಡಿದ್ದೊಂದೇ ವ್ಯತ್ಯಾಸ.

ಬಂದು ಅಜ್ಜನಿಗೆ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಹುಲ್ಲು ತಿರುಗಾ ಬತ್ತದೆ ಕಣಪ್ಪ. ನಿಮ್ಮೋರು ತಿರುಗಾ ಬರದಿದ್ರೆ ಸಾಕು," ಅಂದರು.

ಮುಂದಿನ ಜೂನ್ 5 ಹತ್ತಿರ ಬರ್ತಿದೆ. ಶಾಮಿಯಾನ ಹಾಕೋರಿಗೆ ಇದೊಂದು ಮಾತು ಯಾರಾದರೂ ತಲುಪಿಸಿ.